ಆವಾಜ್ ಹಿಂಡಿದ್ರ ಎಷ್ಟ ಜಾಗಾ ಉಳಿತೈತಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆದಾಗ ಹಳೇ ಸಿಡಿ, ಡಿವಿಡಿ ಕೈಕೊಡೂಕಿಂತ ಮೊದಲ ಹಾರ್ಡ್ ಡಿಸ್ಕಿಗೆ ತುಂಬ್ಕೊಂಡ್ಬಿಡ್ರಿ ಅಂತ ನಾಕ ಸಾಲ ಬರದಿದ್ದೆ. ಅದಕ್ಕ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಿಂದ ಪ್ರಶ್ನೆ ಬಂದಾವ, ಮಜಾ ಅಂದ್ರ ಚಿತ್ರದ ಬಗ್ಗೆ ಕೇಳಿದವ್ರು ಕಡಿಮಿ, ಎಲ್ಲಾರ್ದೂ ಆವಾಜಿನ ತಕರಾರು. ಹೆಸರು ಹಾಕಬ್ಯಾಡ್ರಿ ಅಂದವ್ರ ಜಾಸ್ತಿ, ಅದಕ್ಕ ಊರಷ್ಟ ಹಾಕೇನಿ. ಹಿಂಡೂದು ಅಂದ್ರ ಫೈಲು ಸಣ್ಣದಾಗಲಿ ಅಂತ ಆವಾಜನ್ನ ಕಂಪ್ರೆಸ್ ಮಾಡೂದು.

ಪ್ರಶ್ನೆ: ಮಗಳ ಲಗ್ನದ ಡಿವಿಡಿ ಅದಾವ, 2006ರವು. ಇಲ್ಲೇ ಒಂದು ಕಂಪ್ಯೂಟರ್ ಸೆಂಟರ್‌ನ್ಯಾಗ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದೆ. ಹುಡುಗ "ಜಾಗಾ ಉಳಿಲಿ ಅಂತ ಆಡಿಯೋ 64ಕ್ಕ ಇಳಿಸೇನ್ರಿ ಸರ್" ಅಂದ. ಈಗ ಮಂಗಳಾಷ್ಟಕ ಕೇಳಿದ್ರ ಸ, ಶ ಎಲ್ಲಾ ಗರಗರ, ಸನಾದಿ ಹಿಂದ ಏನೋ ಗುಳುಗುಳು ಸಪ್ಪಳ. ಎಷ್ಟಕ್ಕ ಇಟ್ರ ಬರೋಬರಿ?
– ನಿವೃತ್ತ ಮಾಸ್ತರು, ಜಮಖಂಡಿ

ಉತ್ತರ: ಮಾಸ್ತರ್ರ, ನೀವು ಲೆಕ್ಕ ಕಲಿಸಿದವ್ರೋ ಕನ್ನಡ ಕಲಿಸಿದವ್ರೋ ಗೊತ್ತಿಲ್ಲ, ಆದ್ರ ಇದು ಪೂರಾ ಲೆಕ್ಕದ ವಿಷಯ, ಒಮ್ಮೆ ಮಾಡಿ ನೋಡೂಣು. ಒಂದು ಸಾದಾ ಡಿವಿಡಿ ಅಂದ್ರ 4.7 ಜಿಬಿ, ಎರಡ ತಾಸಿನ ಲಗ್ನ ಅದರಾಗ ತುಂಬಿ ಕುಂತೈತಿ ಅಂತ ಇಟ್ಕೊರಿ. ಲಗ್ನದ ಡಿವಿಡಿ ಒಳಗ ಆವಾಜು ಹೆಚ್ಚಾಗಿ ಎಸಿ3 ಅಂದ್ರ ಡಾಲ್ಬಿ ಡಿಜಿಟಲ್ ರೂಪದಾಗ 192 ಕೆಬಿಪಿಎಸ್‌ಗೆ ಇರ್ತೈತಿ, ಅಂದ್ರ ಸೆಕೆಂಡಿಗೆ 192 ಸಾವಿರ ಬಿಟ್, ಇದಕ್ಕ ಬಿಟ್‌ರೇಟ್ ಅಂತಾರ. ಅದು ತಾಸಿಗೆ ಸುಮಾರು 86 ಎಂಬಿ, ಎರಡ ತಾಸಿಗೆ 173 ಎಂಬಿ. 4,700 ಎಂಬಿ ಒಳಗ 173! ಇನ್ನ ಅದನ್ನ 64ಕ್ಕ ಇಳಿಸಿದ್ರ 58 ಎಂಬಿ ಆಗ್ತೈತಿ, ಉಳಿದದ್ದು 115 ಎಂಬಿ. ಪೂರಾ ಡಿಸ್ಕಿನ ನೂರರಾಗ ಎರಡೂವರಿ ಪಾಲು ಉಳಿಸಾಕ ಮಂಗಳಾಷ್ಟಕ ಕೆಡಿಸಿದಂಗಾತು. ಜಾಗಾ ನುಂಗೂದು ಚಿತ್ರ, ಆವಾಜಲ್ಲ, ಈ ಮಾತು ಸೆಂಟರಿನ ಹುಡುಗೂರಿಗೆ ಯಾರರೆ ಹೇಳಬೇಕು. ಜಾಗಾನ ಬೇಕಾಗಿದ್ರ ಡಿವಿಡಿ ಒಳಗಿನ ಹಳೇ ಎಂಪೆಗ್-2 ರೂಪದ ಚಿತ್ರನ ಎಚ್.264 ಅನ್ನೂ ಹೊಸಾ ರೂಪಕ್ಕ ತಿರುಗಿಸ್ರಿ, ಅರ್ಧಕ್ಕೂ ಕಡಿಮಿ ಆಗ್ತೈತಿ, ಆವಾಜನ್ನ ಇದ್ದಂಗ ಬಿಡ್ರಿ.

ಇನ್ನೊಂದು ಏನಂದ್ರ, 192ರ ಎಸಿ3 ಅನ್ನೂದು ಮೊದಲ ಹಿಂಡಿದ್ದು. ಹಿಂಡದ ಆವಾಜು, ಅಂದ್ರ 48 ಕಿಲೋಹರ್ಟ್ಸ್, 16 ಬಿಟ್, ಎರಡ ಚಾನಲ್ಲಿನ ಪಿಸಿಎಂ, 1,536 ಕೆಬಿಪಿಎಸ್ ಇರ್ತೈತಿ. ಅದನ್ನ ಎಂಟನೇ ಪಾಲಿಗೆ ಇಳಿಸುವಾಗ ನಮ್ಮ ಕಿವಿಗೆ ಹತ್ತೂದಿಲ್ಲ ಅನ್ನೂ ಭಾಗ ಹುಡುಕಿ ಹುಡುಕಿ ಬಿಸಾಕಿರ್ತಾರ. ಉಳಿದದ್ದನ್ನ ಮತ್ತ ಎಂಪಿ3 ಮಾಡಿದ್ರ, ಅದು ತನ್ನ ಲೆಕ್ಕದಾಗ ಮತ್ತೊಮ್ಮೆ ಬಿಸಾಕ್ತೈತಿ, ಮೊದಲನೇ ಹಿಂಡಿಕಿಯ ಗಾಯವನ್ನ ಎರಡನೇದು ಖರೇ ಆವಾಜು ಅಂತ ತಿಳ್ಕೊಂಡು ಅದಕ್ಕ ಬಿಟ್ ಖರ್ಚ ಮಾಡ್ತೈತಿ. ನಿಮ್ಮ ಕಡೆ ಕಬ್ಬಿನ ಮಂದಿಗೆ ಹೇಳಬೇಕಂದ್ರ, ಗಾಣದಿಂದ ಬಂದ ಸಿಪ್ಪಿ ಮತ್ತ ಗಾಣಕ್ಕ ಕೊಟ್ಟಂಗ. ನೀವು ಕೇಳಿದ ಗುಳುಗುಳು ಸಪ್ಪಳ ಅದ. ಸನಾದಿ, ತಾಳ, ಚಪ್ಪಾಳೆ, ಸ-ಶ-ಷ ಇವೆಲ್ಲಾ ಮ್ಯಾಲಿನ ಸ್ವರದಾಗ ಹರಡಿರ್ತಾವ, ಕಡಿಮಿ ಬಿಟ್‌ರೇಟಿಗೆ ಮೊದಲ ಬಲಿ ಆಗೂವು ಇವ.

ಅಂದ್ರ ಎಷ್ಟಕ್ಕ ಇಡಬೇಕು ಅನ್ನೂ ಪ್ರಶ್ನೆನ ಬ್ಯಾಡ, ಮುಟ್ಟಬ್ಯಾಡ್ರಿ. ಮೇಕ್‌ಎಂಕೆವಿ ಅಂತ ಒಂದು ಸಾಫ್ಟ್‌ವೇರ್ ಐತಿ, ಡಿವಿಡಿಗೆ ಬಿಟ್ಟಿ, ಅದು ಡಿಸ್ಕಿನಾಗಿನ ಚಿತ್ರ ಆವಾಜು ಎರಡನ್ನೂ ಒಂದ ಬಿಟ್ ಬದಲಿಲ್ದ ಎಂಕೆವಿ ಫೈಲಿನ್ಯಾಗ ಇಡ್ತೈತಿ. ಆಮ್ಯಾಲೆ ಚಿತ್ರ ಸಣ್ಣದು ಮಾಡಬೇಕು ಅಂದ್ರ ಹ್ಯಾಂಡ್‌ಬ್ರೇಕ್ ಅನ್ನೂ ಸಾಫ್ಟ್‌ವೇರ್ ತಗೀರಿ, ಆಡಿಯೋ ಟ್ಯಾಬ್ ಒಳಗ ಕೊಡೆಕ್ (ಆವಾಜು ಹಿಂಡೂ ವಿಧಾನ) ಅನ್ನೂ ಕಡೆ "ಎಸಿ3 ಪಾಸ್‌ಥ್ರೂ" ಆರಿಸ್ರಿ, ಅಂದ್ರ ಆವಾಜನ್ನ ಇದ್ದಂಗ ದಾಟಿಸು ಅಂತ. ಇದನ್ನ ಆರಿಸದಿದ್ರ ಅದು ತಂತಾನ 160 ಕೆಬಿಪಿಎಸ್‌ನ ಎಎಸಿ ಅನ್ನೂ ಇನ್ನೊಂದು ರೂಪಕ್ಕ ಹಿಂಡಿಬಿಡ್ತೈತಿ, ಭಾಳ ಮಂದಿ ಅದನ್ನ ನೋಡೂದ ಇಲ್ಲ.

ಒಂದ ಕಡೆ ಮಾತ್ರ ಹಿಂಡೂದು ಲಾಭ. ಆಗಿನ ಕಾಲದಾಗ ಟೇಪಿನಿಂದ ಸೀದಾ ಡಿವಿಡಿ ರೆಕಾರ್ಡರಿಗೆ ಹಾಕಿದವ್ರು, ಇಲ್ಲಾ ಎಡಿಟಿಂಗ್ ಸಾಫ್ಟ್‌ವೇರಿನಾಗ ಆಡಿಯೋ ಸೆಟಿಂಗ್ ಮುಟ್ಟದ ಬರ್ನ್ ಮಾಡಿದವ್ರು, ಆವಾಜನ್ನ ಕೆಲವೊಮ್ಮೆ ಪಿಸಿಎಂ ಒಳಗ ಬಿಟ್ಟಿರ್ತಾರ. ಅದು ತಾಸಿಗೆ 691 ಎಂಬಿ, ಎರಡ ತಾಸಿಗೆ 1.38 ಜಿಬಿ, ಡಿಸ್ಕಿನ ಮೂರನೇ ಪಾಲಿಗೆ ಹತ್ರ. ಹಂಗ ಇದ್ರ ಎಫ್‌ಎಲ್‌ಎಸಿ, ನಾವೆಲ್ಲಾ ಫ್ಲಾಕ್ ಅಂತೀವಲ್ಲ, ಅದಕ್ಕ ತಿರುಗಿಸ್ರಿ. ಇದು ಏನೂ ಬಿಸಾಕದ ಮಡಚಿಡೂ ವಿಧಾನ, ಬಿಚ್ಚಿದ್ರ ಬಿಟ್ಟಿಗೆ ಬಿಟ್ ಹೊಳ್ಳಿ ಬರ್ತೈತಿ, ಅಳತಿ ಅರ್ಧದ ಆಸುಪಾಸಿಗೆ ಬರ್ತೈತಿ. ಲಗ್ನದ ಕ್ಯಾಮೆರಾದಾಗ ಒಂದ ಮೈಕ್ ಇದ್ದು ಎಡ-ಬಲ ಎರಡರಾಗೂ ಒಂದ ಆವಾಜು ಇದ್ರ ಇನ್ನೂ ಸಣ್ಣದಾಗ್ತೈತಿ, ಯಾಕಂದ್ರ ಎರಡರ ನಡುವಿನ ಫರಕು ಸೊನ್ನಿ ಅಂತ ಫ್ಲಾಕಿಗೆ ಗೊತ್ತಾಗಿ ಅದನ್ನ ಬರಕೊಳ್ಳೂದ ಇಲ್ಲ. ನಿಮ್ಮ ಡಿಸ್ಕಿನಾಗ ಯಾವುದೈತಿ ಅಂತ ನೋಡಾಕ ಮೀಡಿಯಾಇನ್ಫೋ ಅನ್ನೂ ಸಣ್ಣ ಸಾಫ್ಟ್‌ವೇರ್ ಸಾಕು, ಪಿಸಿಎಂ, 1,536 ಅಂತ ತೋರ್ಸಿದ್ರ ಫ್ಲಾಕು, ಎಸಿ-3 ಅಂತ ತೋರ್ಸಿದ್ರ ಇದ್ದಂಗ.

ಹಳೇ ಡಿವಿಡಿ ಇನ್ನಾ ಮನ್ಯಾಗ ಅದಾವಲ್ರಿ? ಹೊಳ್ಳಿ ತೆಗಿಸ್ರಿ. ಪೆನ್‌ಡ್ರೈವಿನ 64ರ ಫೈಲನ್ನ 192 ಮಾಡಿಕೊಡ್ತೀನಿ ಅಂತ ಯಾರರೆ ಅಂದ್ರ ರೊಕ್ಕ ಕೊಡಬ್ಯಾಡ್ರಿ, ಫೈಲಷ್ಟ ದೊಡ್ಡದಾಗ್ತೈತಿ, ಹೋದ ಆವಾಜು ಬರೂದಿಲ್ಲ.

ಪ್ರಶ್ನೆ: ಸಿದ್ಧೇಶ್ವರ ಅಪ್ಪಾರ ಪ್ರವಚನದ ಡಿವಿಡಿ ಒಂದು ಕಟ್ಟ ಐತಿ. ಲಿಂಬಿ ತ್ವಾಟದಾಗ ಕೆಲಸ ಮಾಡ್ಕೋತ ಮೊಬೈಲಿನಾಗ ಕೇಳಬೇಕು, ಆಮ್ಯಾಲೆ ಗಾಡಿ ಟೇಪಿಗೂ ಹಾಕಬೇಕು. ಚಿತ್ರ ಬ್ಯಾಡ, ಆವಾಜಷ್ಟ ಸಾಕು. ಹೆಂಗ ಮಾಡೂದು, ಎಷ್ಟ ಬಿಟ್‌ರೇಟ್?
– ರೈತರು, ಇಂಡಿ ತಾಲೂಕು

ಉತ್ತರ: ಇಲ್ಲಿ ಮೊದಲನೇ ಉತ್ತರ ಉಲ್ಟಾ ಆಗ್ತೈತಿ ನೋಡ್ರಿ, ಯಾಕಂದ್ರ ನೀವು ಕೇಳಾಕತ್ತಿದ್ದು ಬ್ಯಾಕಪ್ ಅಲ್ಲ, ಕೇಳೂ ಪ್ರತಿ. ಹಿಂಡಾಕ ಅಡ್ಡಿಯಿಲ್ಲ, ಆದ್ರ ಒಂದು ಕರಾರು, ಮೊದಲ ಪೂರಾ ಡಿಸ್ಕ್ ಇದ್ದಂಗ ಹಾರ್ಡ್ ಡಿಸ್ಕಿಗೆ ಇಳಿಸಿ ಇಡ್ರಿ, ಆಮ್ಯಾಲೆ ಅದರಿಂದ ತ್ವಾಟದ ಪ್ರತಿ ಮಾಡ್ರಿ. ಅಪ್ಪಾರು 2023ರ ಜನವರಿ 2ಕ್ಕ ದೇಹ ಬಿಟ್ರು, ಇನ್ನ ಹೊಸಾ ಪ್ರವಚನ ಬರೂದಿಲ್ಲ, ಇದ್ದದ್ದನ್ನ ಚೊಲೊ ಇಟ್ಕೊಳ್ಳೂದು ನಮ್ಮ ಕೈಯಾಗ ಐತಿ.

ಒಬ್ಬರ ಮಾತು ಅಂದ್ರ ಎರಡ ಚಾನಲ್ ಬೇಕಾಗಿಲ್ಲ, ಮೋನೋ ಮಾಡ್ರಿ, ಅಲ್ಲೇ ಅರ್ಧ ಹೊರಿ ಇಳಿತು. ಎಂಪಿ3 ಮೋನೋ 64 ಕೆಬಿಪಿಎಸ್ ಇಟ್ರ ಮಾತಿಗೆ ಧಾರಾಳ, ತಾಸಿಗೆ 29 ಎಂಬಿ, ಒಂದ ತಿಂಗಳ ದಿನಾ ಒಂದ ತಾಸಿನ ಪ್ರವಚನ ಒಂದು ಜಿಬಿ ಒಳಗ ಕುಂದರ್ತೈತಿ. ಮಾಸ್ತರ್ರ ಲಗ್ನಕ್ಕ 64 ಕೆಟ್ಟದ್ದಾತು, ನಿಮಗ ಅದ 64 ಚೊಲೊ ಅನ್ನಾಕತ್ತೇನಿ ಅಂತ ತಿಳಿಬ್ಯಾಡ್ರಿ, ಅಲ್ಲಿ 64 ಎರಡ ಚಾನಲ್ಲಿಗೆ ಹಂಚಿ ಹೋಗಿತ್ತು, ಮ್ಯಾಲೆ ಸನಾದಿ ಬ್ಯಾರೆ. ಮೊಬೈಲಿಗಷ್ಟ ಆದ್ರ ಓಪಸ್ ಅಂತ ಇನ್ನೊಂದು ಕೊಡೆಕ್ ಐತಿ, 2012ರಾಗ ಸ್ಟ್ಯಾಂಡರ್ಡ್ ಆದದ್ದು, ಮಾತಿಗಂತ ಕಡಿಮಿ ಬಿಟ್‌ರೇಟಿನಾಗ ಅದರಷ್ಟ ಚೊಲೊ ಮತ್ತೊಂದಿಲ್ಲ, 32ಕ್ಕೂ ತಿಳಿಯಂಗ ಕೇಳಿಸ್ತೈತಿ. ಆದ್ರ ಹಳೇ ಗಾಡಿ ಟೇಪಿಗೆ ಓಪಸ್ ತಿಳಿಯೂದಿಲ್ಲ, ಅದಕ್ಕ ಎಂಪಿ3ನ ಬೇಕು, ಎರಡ ನಮೂನಿ ಮಾಡ್ಕೋತ ಕುಂದರೂಕಿಂತ ಎಂಪಿ3 ಒಂದ ಮಾಡ್ರಿ, ಮುಗೀತು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಇರಬೇಕು, ಇಲ್ಲಂದ್ರ ಭಾಳಷ್ಟ ಗಾಡಿ ಟೇಪು ಪೆನ್‌ಡ್ರೈವನ್ನ ಗುರ್ತ ಹಿಡಿಯೂದಿಲ್ಲ.

ಮಾಡೂ ರೀತಿ: ಅಡಾಸಿಟಿ ಸಾಫ್ಟ್‌ವೇರಿಗೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಕೂಡ್ಸಿದ್ರ ಎಂಕೆವಿ ಫೈಲು, ಡಿವಿಡಿ ಒಳಗಿನ ವಿಒಬಿ ಫೈಲು ಎರಡರ ಆವಾಜನ್ನೂ ಸೀದಾ ತಗೀತೈತಿ, ಟ್ರ್ಯಾಕ್ಸ್ ಮೆನುದಾಗ ಮೋನೋ ಮಾಡಿ ಎಂಪಿ3 ಎಕ್ಸ್‌ಪೋರ್ಟ್ ಕೊಡ್ರಿ. ಮೋನೋ ಮಾಡಿದ ಮ್ಯಾಲೆ ಒಂದ ನಿಮಿಷ ಕೇಳಿ ನೋಡ್ರಿ. ಎಲ್ಲೋ ಒಂದ ಪೆಂಡಾಲಿನಾಗ ಮೈಕಿನ ವೈರು ಉಲ್ಟಾ ಹಚ್ಚಿದ್ರ ಎಡ-ಬಲ ಒಂದಕ್ಕೊಂದು ಕಡದು ಮೋನೋ ಮಾಡಿದ ಕೂಡ್ಲೆ ದನಿ ತೆಳ್ಳಗ ಆಗಿ ಹಿಂದಿನ ಗದ್ದಲಷ್ಟ ಉಳಿತೈತಿ. ಹಂಗಾದ್ರ ಕೂಡ್ಸಬ್ಯಾಡ್ರಿ, ಸ್ಟೀರಿಯೋ ಟ್ರ್ಯಾಕ್ ಒಡದು ಒಂದ ಚಾನಲ್ ಇಟ್ಕೊಂಡು ಇನ್ನೊಂದು ತೆಗದ ಬಿಡ್ರಿ.

ಅಡಾಸಿಟಿದಾಗ "ಟ್ರಂಕೇಟ್ ಸೈಲೆನ್ಸ್" ಅಂತ ಒಂದ ಐತಿ, ಮಾತಿನ ನಡುವಿನ ಮೌನ ಎಲ್ಲಾ ಕತ್ತರಿಸಿ ಫೈಲ್ ಸಣ್ಣದು ಮಾಡ್ತೈತಿ, ಯಾರರೆ ನಿಮಗ ಅದನ್ನ ಹೇಳಿಕೊಟ್ರ ಕೇಳಬ್ಯಾಡ್ರಿ. ಅಪ್ಪಾರ ಪ್ರವಚನದಾಗ ಒಂದು ವಾಕ್ಯ ಆದ ಮ್ಯಾಲೆ ಸುಮ್ನ ಇರ್ತಿದ್ರಲ್ಲ, ಅದನ್ನ ತೆಗದ್ರ ಏನ ಉಳಿತೈತ್ರಿ ಅದರಾಗ.

ಪ್ರಶ್ನೆ: ನಮ್ಮ ಹಳೇ ಮನಿ ಆಲಮಟ್ಟಿ ಹಿನ್ನೀರಿನಾಗ ಹೋತು. ಮುಳುಗಡಿ ಆಗೂಕಿಂತ ಮೊದಲ ಮನಿ, ಓಣಿ, ಗುಡಿ ಎಲ್ಲಾ ವಿಡಿಯೋ ಮಾಡಿದ್ವಿ, ವಿಎಚ್‌ಎಸ್ ಕ್ಯಾಸೆಟ್ಟಿನಿಂದ ವಿಸಿಡಿ ಮಾಡ್ಸಿತ್ತು. ಈಗ ಅದನ್ನ ಕಂಪ್ಯೂಟರಿಗೆ ಹಾಕಿ ಎಂಪಿ4 ಮಾಡಿದ್ರ ಶುರುವಿಗೆ ಸರಿ ಇರ್ತೈತಿ, ಬರ್ತಾ ಬರ್ತಾ ಅಜ್ಜಿ ಬಾಯಿ ಒಂದ ಕಡೆ, ಮಾತು ಒಂದ ಕಡೆ. ಏನ ಮಾಡೂದು?
– ನವನಗರ, ಬಾಗಲಕೋಟಿ

ಉತ್ತರ: ಈ ಸಲದ ಪ್ರಶ್ನೆದಾಗ ಎಲ್ಲಾಕಿಂತ ಮಹತ್ವದ್ದು ಇದ ಅನ್ನಿಸ್ತು ನನಗ, ಯಾಕಂದ್ರ ಲಗ್ನದ ಮನಿ ಇನ್ನೂ ನಿಂತಿರ್ತಾವ, ನಿಮ್ಮ ಓಣಿ ನೋಡಬೇಕಂದ್ರ ಆ ಡಿಸ್ಕ್ ಒಂದ ಐತಿ. ಅದಕ್ಕ ಸ್ವಲ್ಪ ಉದ್ದ ಬರೀತೇನಿ.

ಮೊದಲ ವಿಸಿಡಿ ಬಗ್ಗೆ. ಇದು ಡಿವಿಡಿ ಅಲ್ಲ, ಸಿಡಿ. ಒಳಗ ಡಿಎಟಿ ಅಂತ ಕಡಿಗೆ ಇರೂ ಫೈಲ್ ಇರ್ತಾವ, ಚಿತ್ರ ಎಂಪೆಗ್-1, 352 ಗುಣಿಸು 288, ಆವಾಜು ಎಂಪಿ2, 224 ಕೆಬಿಪಿಎಸ್. ಎಂಪಿ2 ಅಂದ್ರ ಎಂಪಿ3ಯ ಅಣ್ಣ, ಹಳೇದು, ಆದ್ರ 224ಕ್ಕ ಅದರ ಆವಾಜು ಕೆಟ್ಟದ್ದೇನಲ್ಲ. ಮುಖ್ಯ ಏನಂದ್ರ ವಿಸಿಡಿ ಆವಾಜು 44.1 ಕಿಲೋಹರ್ಟ್ಸ್, ಆಡಿಯೋ ಸಿಡಿ ಹಂಗ. ಡಿವಿಡಿ ಆವಾಜು 48. ಅಂದ್ರ ಒಂದ ಸೆಕೆಂಡಿನ ಆವಾಜನ್ನ ವಿಸಿಡಿ 44,100 ತುಣುಕು ಮಾಡಿ ಇಟ್ರ ಡಿವಿಡಿ 48,000 ಮಾಡ್ತೈತಿ. ಕೆಲವು ಹಳೇ ಕನ್ವರ್ಟರ್ 44.1ರ ತುಣುಕಿಗೆ 48 ಅಂತ ಚೀಟಿ ಹಚ್ಚಿ ಬಿಡ್ತಾವ, ಆಗ ಒಂದ ತಾಸಿನ ಆವಾಜು 55 ನಿಮಿಷಕ್ಕ ಮುಗದ ಹೋಗ್ತೈತಿ, ದನಿನೂ ಏರಿ ಎಲ್ಲಾರೂ ಚೀರಿದಂಗ ಕೇಳಿಸ್ತೈತಿ. ನಿಮ್ಮ ಅಜ್ಜಿ ದನಿ ಸಣ್ಣ ಹುಡುಗಿ ಗತಿ ಆಗಿದ್ರ ಕಾರಣ ಇದ. ಅದಕ್ಕ ಮದ್ದು ಸರಳ: ಬ್ಯಾರೆ ಕನ್ವರ್ಟರ್ ತಗೊರಿ, ಸ್ಯಾಂಪಲ್ ರೇಟ್ ಅನ್ನೂ ಕಡೆ "ಆಟೋ" ಬಿಡ್ರಿ, ಇಲ್ಲಾ 44.1 ಅಂತನ ಕೊಡ್ರಿ, ಎಂಪಿ4ಕ್ಕ 44.1 ನಡೀತೈತಿ.

ದನಿ ಬರೋಬರಿ ಇದ್ದು ಬರೇ ಸರಕೊಂತ ಹೋಗ್ತೈತಿ ಅಂದ್ರ ಕಾರಣ ಬ್ಯಾರೆ, ನಿಮ್ದು ಇದ ಇರಬೇಕು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಹಾಕೂವಾಗ ಚಿತ್ರ ಟಿವಿ ಕಾರ್ಡಿನಿಂದ, ಆವಾಜು ಸೌಂಡ್ ಕಾರ್ಡಿನಿಂದ, ಹಂಗ ಎರಡ ದಾರಿಯಿಂದ ಹೋಗ್ತಿತ್ತು. ಎರಡಕ್ಕೂ ಅವುರವುರ ಗಡಿಯಾರ, ಒಂದು ಕೂದಲೆಳಿ ವೇಗ ಮುಂದ ಇದ್ರೂ ಸಾಕು, ತಾಸಾಗೂ ಹೊತ್ತಿಗೆ ಒಂದೆರಡು ಸೆಕೆಂಡ್ ಫರಕ ಬರ್ತೈತಿ. ಹಳೇ ಟೇಪಿನಾಗ ಚಿತ್ರ ಹರದಲ್ಲಿ ಫ್ರೇಮ್ ಬಿಟ್ಟು ಹೋಗೂದೂ ಇತ್ತು.

ಮೊದಲ ಯಾವ ನಮೂನಿ ಅಂತ ಪತ್ತೆ ಹಚ್ರಿ. ವಿಎಲ್‌ಸಿ ಪ್ಲೇಯರಿನಾಗ ಮೂಲ ಡಿಎಟಿ ಫೈಲನ್ನ ನೋಡ್ರಿ, ಎಂಪಿ4 ಬ್ಯಾಡ. ಮೂಲದಾಗ ಸರಿ ಇದ್ರ ತಪ್ಪು ನಿಮ್ಮ ಕನ್ವರ್ಟರಿಂದು, ಅದನ್ನ ಬದಲ ಮಾಡಿದ್ರ ಕೆಲಸ ಮುಗೀತು. ಮೂಲದಾಗನ ಸರಕೊಂತ ಹೋಗಿದ್ರ, ಶುರುವಿಗೆ ಒಂದ ಕಡೆ, ಕಡಿಗೆ ಒಂದ ಕಡೆ ಜೆ, ಕೆ ಕೀ ಒತ್ತಿ ಅಳದು ನೋಡ್ರಿ, ಒಂದೊಂದು ಒತ್ತಿಗೆ ಆವಾಜು 50 ಮಿಲಿಸೆಕೆಂಡ್ ಹಿಂದ ಮುಂದ ಆಗ್ತೈತಿ. ಬಾಗಲಾ ಹಾಕಿದ್ದು, ಕೊಡ ಇಟ್ಟದ್ದು, ಚಪ್ಪಾಳೆ, ಹಿಂಗ ಸಪ್ಪಳ ಮಾಡೂದು ಕಣ್ಣಿಗೂ ಕಾಣೂ ಜಾಗಾ ಹಿಡೀರಿ, ಬಾಯಿ ನೋಡ್ಕೋತ ಅಳೀಬ್ಯಾಡ್ರಿ, ತಪ್ಪತೈತಿ. ಎರಡೂ ಕಡೆ ಒಂದ ಅಳತಿ ಬಂದ್ರ ಅದು ಬರೇ ಮುಂದ ಹಿಂದ ಆಗಿದ್ದು, ಎಂಕೆವಿಟೂಲ್‌ನಿಕ್ಸ್ ಅನ್ನೂ ಸಾಫ್ಟ್‌ವೇರ್ ಒಳಗ ಆಡಿಯೋ ಟ್ರ್ಯಾಕಿಗೆ "ಡಿಲೇ" ಅಂತ ಇರ್ತೈತಿ, ಅದರಾಗ ಮಿಲಿಸೆಕೆಂಡ್ ಬರದ್ರ ಸರಿ, ಆವಾಜನ್ನ ಮತ್ತ ಹಿಂಡೂದು ಬ್ಯಾಡ.

ಕಡಿಗೆ ಅಳತಿ ಬೆಳದಿದ್ರ ಹಿಗ್ಗಿಸೂದು ಕುಗ್ಗಿಸೂದು ಮಾಡಬೇಕು. ಮಾತಿಗೆ ತಾಸಿನ ಕಡಿಗೆ ಆವಾಜು ಎರಡ ಸೆಕೆಂಡ್ ತಡಾ ಬರಾಕತ್ತೈತಿ ಅಂದ್ರ 3,602 ಸೆಕೆಂಡಿನ ಆವಾಜನ್ನ 3,600ಕ್ಕ ಕುಂದ್ರಸಬೇಕು ಅಂತ ಅರ್ಥ. ಆವಾಜನ್ನ ಅಡಾಸಿಟಿಗೆ ತಗೊಂಡು "ಚೇಂಜ್ ಟೆಂಪೋ" ಒಳಗ ಇಷ್ಟ ಸೆಕೆಂಡಿದ್ದು ಇಷ್ಟ ಆಗಬೇಕು ಅಂತ ಬರಿಯೂ ಖಾನೆ ಐತಿ, ಅಷ್ಟ ಬರೀರಿ. ಇಲ್ಲಿ ಹೊಸದಾಗಿ ಎನ್‌ಕೋಡ್ ಮಾಡೂದು ತಪ್ಪೂದಿಲ್ಲ, ಅದಕ್ಕ ಫ್ಲಾಕಿಗೆ ಎಕ್ಸ್‌ಪೋರ್ಟ್ ಮಾಡಿ ಚಿತ್ರದ ಜೋಡಿ ಎಂಕೆವಿ ಒಳಗ ಕೂಡ್ಸ್ರಿ. ನಡುವ ಒಮ್ಮಿಂದೊಮ್ಮೆಲೆ ಜಿಗದಿದ್ರ, ಅಂದ್ರ ಟೇಪ್ ಹರದ ಜಾಗಾದಾಗ, ಹಿಗ್ಗಿಸಿದ್ರ ಸರಿ ಹೋಗೂದಿಲ್ಲ, ಅಲ್ಲಿ ಕತ್ತರಿಸಿ ಎರಡ ತುಂಡಾಗಿ ಹೊಂದಸಬೇಕಾಗ್ತೈತಿ, ಸ್ವಲ್ಪ ತಾಳ್ಮಿ ಕೆಲಸ.

ಗಾಳಿ ಸಪ್ಪಳ, ಟೇಪಿನ ಸುಯ್ಯ್ ಅನ್ನೂದು ತೆಗೀಬೇಕು ಅನ್ನಿಸ್ತೈತಿ, ನಾಯ್ಸ್ ರಿಡಕ್ಷನ್ ಒತ್ತಬೇಕು ಅನ್ನಿಸ್ತೈತಿ. ಮಂದಿಗೆ ತೋರ್ಸೂ ಪ್ರತಿಗೆ ಮಾಡ್ರಿ ಬೇಕಾದ್ರ. ಇಡೂ ಪ್ರತಿಗೆ ಬ್ಯಾಡ, ಸುಯ್ಯ್ ಜೋಡಿ ಓಣ್ಯಾಗಿನ ಸಪ್ಪಳನೂ ಹೋಗ್ತೈತಿ, ಆ ಸಪ್ಪಳ ಮತ್ತ ಎಲ್ಲಿಂದ ತರ್ತೀರಿ.

ಪ್ರಶ್ನೆ: ರೊಕ್ಕ ಕೊಟ್ಟು ತಗೊಂಡ ಸಿನಿಮಾ ಡಿವಿಡಿ ಅದಾವ, 5.1 ಸೌಂಡಿನವು. ಎಂಪಿ4 ಮಾಡಿ ಟಿವಿಗೆ ಹಾಕಿದ್ರ ಡೈಲಾಗ್ ಕೇಳೂದ ಇಲ್ಲ, ವಾಲ್ಯೂಮ್ ಏರ್ಸಿದ್ರ ಫೈಟಿಂಗ್ ಬಂದಾಗ ಬಾಜೂಕಿನ ಮನಿಯವ್ರು ಬರ್ತಾರ. ಒಂದು ಡಿಸ್ಕಿನಾಗ ಮರಾಠಿ, ಹಿಂದಿ, ತಮಿಳು ಎಲ್ಲಾ ಐತಿ, ಎಲ್ಲಾ ಇಡಬೇಕೇನು?
– ಶಹಾಪುರ, ಬೆಳಗಾವಿ

ಉತ್ತರ: ಮೊದಲ ಕಾಯ್ದೆ ಮಾತು ಮುಗಿಸಿ ಬಿಡ್ತೇನಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಾಗ ಸ್ವಂತದ ಖಾಸಗಿ ಬಳಕೆಗೆ ನ್ಯಾಯವಾದ ಬಳಕೆ ಅಂತ ಅವಕಾಶ ಐತಿ. ಆದ್ರ 2012ರ ತಿದ್ದುಪಡಿದಾಗ 65ಎ ಅನ್ನೂ ಕಲಮು ಬಂತು, ಹಕ್ಕು ಮುರಿಯೂ ಉದ್ದೇಶ ಇಟ್ಕೊಂಡು ಕಾಪಿ ಆಗಬಾರ್ದು ಅಂತ ಡಿಸ್ಕಿಗೆ ಹಾಕಿದ ಕೀಲಿ ಮುರಿದ್ರ ಎರಡ ವರ್ಷದ ತನಕ ಜೈಲು. ಮನ್ಯಾಗ ನೋಡೂದು ಬ್ಯಾರೆ, ಪೆನ್‌ಡ್ರೈವಿಗೆ ಹಾಕಿ ಓಣಿಗೆಲ್ಲಾ ಹಂಚೂದು ಬ್ಯಾರೆ, ಖಡೇ ಬಜಾರದಾಗ ಮಾರೂದಂತೂ ಬ್ಯಾಡ. ಲಗ್ನದ, ಪ್ರವಚನದ, ಮನಿ ಡಿಸ್ಕಿಗೆ ಹೆಚ್ಚಾಗಿ ಕೀಲಿನ ಇರೂದಿಲ್ಲ, ಅಲ್ಲಿ ಈ ತಂಟೆ ಇಲ್ಲ.

ಈಗ ಡೈಲಾಗ್. 5.1 ಅಂದ್ರ ಆರು ಚಾನಲ್: ಮುಂದ ಮೂರು, ಹಿಂದ ಎರಡು, ಗುಡುಗಿಗೆ ಒಂದು. ಸಿನಿಮಾದ ಮಾತು ಹೆಚ್ಚು ಕಮ್ಮಿ ಎಲ್ಲಾ ಮುಂದಿನ ನಡುವಿನ ಚಾನಲ್ಲಿನಾಗ ಇರ್ತೈತಿ. ನಿಮ್ಮ ಟಿವಿಗೆ ಎರಡ ಸ್ಪೀಕರ್, ಆರನ್ನ ಎರಡ ಮಾಡಬೇಕು, ನಡುವಿಂದನ್ನ ಎಡಕ್ಕೂ ಬಲಕ್ಕೂ ಸ್ವಲ್ಪ ಇಳಿಸಿ ಹಂಚ್ತಾರ. ಚೊಲೊ ಸಾಫ್ಟ್‌ವೇರ್ ಇದನ್ನ ಬರೋಬರಿ ಮಾಡ್ತೈತಿ, ಅಡ್ನಾಡಿ ಕನ್ವರ್ಟರು ಎಡ-ಬಲ ಎರಡ ಚಾನಲ್ ಎತ್ತಿಕೊಂಡು ನಡುವಿಂದು ಬಿಟ್ಟ ಬಿಡ್ತಾವ, ಆಗ ಹಾಡು ಫೈಟು ಎಲ್ಲಾ ಬರ್ತೈತಿ, ನಾಯಕನ ಮಾತ ಮಾತ್ರ ದೂರದಿಂದ. ಇದೊಂದು ಕಾರಣ.

ಇನ್ನೊಂದು ಕಾರಣ ಭಾಳ ಮಂದಿಗೆ ಗೊತ್ತಿಲ್ಲ. ಎಸಿ3 ಒಳಗ ಆವಾಜಿನ ಜೋಡಿ ಒಂದು ಸೂಚನಾ ಬರದಿರ್ತೈತಿ, ಇಲ್ಲಿ ಸಣ್ಣ ಆವಾಜು ಏರ್ಸು, ಇಲ್ಲಿ ದೊಡ್ಡದು ಇಳಿಸು ಅಂತ, ಅದಕ್ಕ ಡಿಆರ್‌ಸಿ ಅಂತಾರ. ಮನಿ ಡಿವಿಡಿ ಪ್ಲೇಯರು ಅದನ್ನ ಓದಿ ತಾನ ಸರಿ ಮಾಡ್ತಿತ್ತು. ಕಂಪ್ಯೂಟರಿನಾಗ ಕನ್ವರ್ಟ್ ಮಾಡಿದ್ರ ಆ ಸೂಚನಾ ಪಾಲಿಸೂದಿಲ್ಲ, ಹ್ಯಾಂಡ್‌ಬ್ರೇಕಿನಾಗ ಡಿಆರ್‌ಸಿ ಸೊನ್ನಿ ಇರ್ತೈತಿ. ಅದನ್ನ 1.5ರಿಂದ 2.5ರ ನಡುವ ಇಡ್ರಿ, ಪಿಸುಮಾತೂ ಕೇಳಿಸ್ತೈತಿ, ಬಾಜೂಕಿನವ್ರೂ ಬರೂದಿಲ್ಲ. ಮೂಲ ಎಸಿ3 ಇದ್ರಷ್ಟ ಇದು ನಡೀತೈತಿ, ಮತ್ತ ಪಾಸ್‌ಥ್ರೂ ಮಾಡಿದ ಟ್ರ್ಯಾಕಿಗೆ ನಡಿಯೂದಿಲ್ಲ.

ಹಂಗಾದ್ರ ಪಾಸ್‌ಥ್ರೂ ಮಾಡಬೇಕೋ ಡಿಆರ್‌ಸಿ ಮಾಡಬೇಕೋ ಅಂತ ಕೇಳ್ತೀರಿ. ಎರಡೂ. ಒಂದ ಫೈಲಿನಾಗ ಎರಡ ಆಡಿಯೋ ಟ್ರ್ಯಾಕ್ ಇಡಾಕ ಬರ್ತೈತಿ: ಮೊದಲನೇದು ಎಎಸಿ ಸ್ಟೀರಿಯೋ 160, ಡಿಆರ್‌ಸಿ ಹಚ್ಚಿದ್ದು, ಟಿವಿಗೆ ಮೊಬೈಲಿಗೆ. ಎರಡನೇದು ಮೂಲ ಎಸಿ3 ಪಾಸ್‌ಥ್ರೂ, ಮುಂದ ಒಂದ ದಿನ ಹೋಂ ಥೇಟರ್ ತಗೊಂಡ್ರ ಅದಕ್ಕ. ಡಿವಿಡಿದಾಗ ಎಸಿ3 ಎಷ್ಟ ದೊಡ್ಡದಂದ್ರೂ 448, ತಾಸಿಗೆ 202 ಎಂಬಿ. ಥೇಟರಿನ 35 ಎಂಎಂ ರೀಲಿನ ಮ್ಯಾಲೆ ಅದ ಡಾಲ್ಬಿ ಡಿಜಿಟಲ್ 320ಕ್ಕ ಕುಂತಿತ್ತು, ಅಂದ್ರ ನಿಮ್ಮ ಕೈಯಾಗಿನ ಡಿಸ್ಕಿಗೆ ಆಗಿನ ಟಾಕೀಜಿಗಿಂತ ಹೆಚ್ಚು ಬಿಟ್ ಐತಿ, ಹಿಂಡಿ ಯಾಕ ಕೆಡಸ್ತೀರಿ.

ಬ್ಯಾಡಾದ ಭಾಷೆ ತೆಗೀರಿ, ಖರೇ ಜಾಗಾ ಉಳಿಯೂದು ಅಲ್ಲೇ. ಎರಡೂವರಿ ತಾಸಿನ ಸಿನಿಮಾದಾಗ 448ರ ಒಂದೊಂದು ಭಾಷೆ ಅರ್ಧ ಜಿಬಿ ತಿಂತೈತಿ. ಮೇಕ್‌ಎಂಕೆವಿದಾಗ ಮುಂದಿನ ಟಿಕ್ ತೆಗದ್ರ ಸಾಕು. ಆದ್ರ ಮರಾಠಿ ತೆಗೀಬ್ಯಾಡ್ರಿ, ಬೆಳಗಾವ್ಯಾಗ ಇದ್ಕೊಂಡು ಯಾರಿಗರೆ ಬೇಕಾಗ್ತೈತಿ.

ಪ್ರಶ್ನೆ: ಬನಶಂಕರಿ ಜಾತ್ರ್ಯಾಗ ಆದ ನಾಟಕದ್ದು ಡಿವಿಡಿ. ಎಂಕೆವಿ ಮಾಡಿ ಪೆನ್‌ಡ್ರೈವಿನಾಗ ಹಾಕೇನಿ, ಲ್ಯಾಪ್‌ಟಾಪಿನಾಗ ಎಲ್ಲಾ ಸರಿ, ಟಿವಿದಾಗ ಚಿತ್ರ ಬರ್ತೈತಿ ಆವಾಜಿಲ್ಲ.
– ಗುಳೇದಗುಡ್ಡ

ಉತ್ತರ: ಟಿವಿ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಎಂಕೆವಿ ಅನ್ನೂದು ಬರೇ ಡಬ್ಬಿ, ಒಳಗ ಯಾವ ಆವಾಜಾದ್ರೂ ಹಿಡಿತೈತಿ, ಆದ್ರ ಟಿವಿಗೆ ಎಲ್ಲಾ ಆವಾಜು ಬರೂದಿಲ್ಲ. ವಿಎಲ್‌ಸಿಗೆ ಎಲ್ಲಾ ಬರ್ತೈತಿ, ಅದಕ್ಕ ಲ್ಯಾಪ್‌ಟಾಪಿನಾಗ ಕೇಳಿಸ್ತು. ಸಿನಿಮಾ ಡಿಸ್ಕಿನಾಗ ಬರೂ ಡಿಟಿಎಸ್ ಅನ್ನೂ ಆವಾಜಿನ ರೂಪ ಅಂತೂ ಈಚಿನ ಎಷ್ಟೋ ಟಿವಿದಾಗ ತೆಗದ ಹಾಕ್ಯಾರ, ಆದ್ರ ಜಾತ್ರಿ ನಾಟಕದ ಡಿಸ್ಕಿಗೆ ಡಿಟಿಎಸ್ ಯಾರ ಹಾಕ್ತಾರ, ನನಗ ಪಿಸಿಎಂ ಮ್ಯಾಲೆ ಅನುಮಾನ. ಮೀಡಿಯಾಇನ್ಫೋದಾಗ ನೋಡ್ರಿ.

ಅವಿಡೆಮಕ್ಸ್ ಅನ್ನೂ ಸಾಫ್ಟ್‌ವೇರ್ ಒಳಗ ಫೈಲ್ ತಗೀರಿ, ವಿಡಿಯೋ ಔಟ್‌ಪುಟ್ "ಕಾಪಿ", ಆಡಿಯೋ ಔಟ್‌ಪುಟ್ ಎಸಿ3 ಇಲ್ಲಾ ಎಎಸಿ, 192 ಕೊಟ್ಟು ಸೇವ್ ಮಾಡ್ರಿ. ಚಿತ್ರ ಮುಟ್ಟೂದಿಲ್ಲ ಅಂತ ಲಗೂನ ಮುಗೀತೈತಿ, ಸೆಂಟರಿನವ್ರು ಪೂರಾ ವಿಡಿಯೋ ಕನ್ವರ್ಟ್ ಹಚ್ಚಿ ಸಂಜಿಗೆ ಬರ್ರಿ ಅಂತಾರಲ್ಲ, ಅದರ ಗರಜಿಲ್ಲ. ನಾಟಕಕ್ಕ 192ಕ್ಕಿಂತ ಕಡಿಮಿ ಬ್ಯಾಡ, ಪೇಟಿ ತಬಲಾ ಐತಿ, ಮಂದಿ ಸೀಟಿ ಹೊಡದದ್ದೂ ಐತಿ. ಪಿಸಿಎಂ ಮೂಲ ಫೈಲನ್ನ ಮಾತ್ರ ಅಳಿಸಬ್ಯಾಡ್ರಿ, ಹಿಂಡದ ಆವಾಜಿನ ನಾಟಕದ ಡಿಸ್ಕು ನಿಮ್ಮ ಹತ್ರ ಐತಿ ಅಂದ್ರ ಅದು ಅಪರೂಪದ್ದು, ಫ್ಲಾಕಿಗೆ ತಿರುಗಿಸಿ ಇನ್ನೊಂದ ಪ್ರತಿ ಇಡ್ರಿ.

ಪ್ರಶ್ನೆ: 128ರ ಎಂಪಿ3ನ 320 ಮಾಡಿದ್ರ ಕ್ವಾಲಿಟಿ ಏರ್ತೈತೇನು? ಮತ್ತ ವಾಲ್ಯೂಮ್ ಏರ್ಸಾಕ ಕನ್ವರ್ಟ್ ಮಾಡಬೇಕೇನು?
– ಖಾನಾಪುರ

ಉತ್ತರ: ಇಲ್ಲ ತಮ್ಮಾ. ಎರಡಕ್ಕೂ ಇಲ್ಲ. ವಾಲ್ಯೂಮಿಗೆ ಪ್ಲೇಯರಿನಾಗ ಏರ್ಸಿಕೋ, ವಿಎಲ್‌ಸಿದಾಗ ನೂರರ ಮ್ಯಾಲೂ ಹೋಗ್ತೈತಿ. ಹೆಂಗೂ ಕನ್ವರ್ಟ್ ಮಾಡೂದ ಐತಿ ಅಂದ್ರ ಆವಾಗ ಹ್ಯಾಂಡ್‌ಬ್ರೇಕಿನ "ಗೇನ್" ಒಳಗ ಮೂರ ನಾಕ ಡೆಸಿಬೆಲ್ ಕೊಡು, ಹೆಚ್ಚ ಕೊಟ್ರ ಎತ್ತರದ ಆವಾಜು ಒಡೀತೈತಿ.

ಪ್ರಶ್ನೆ: ಡಿಸ್ಕಿನ ಅರ್ಧಕ್ಕ ಬಂದು ಕಾಪಿ ನಿಲ್ಲತೈತಿ. ಆವಾಜರೆ ಪೂರಾ ತೆಗಿಯಾಕ ಬರ್ತೈತೇನು?
– ಗೋಕಾಕ

ಉತ್ತರ: ಆವಾಜಷ್ಟ ಬ್ಯಾರೆ ತೆಗಿಯೂದು ಆಗೂದಿಲ್ರಿ ಅಕ್ಕಾರ, ಡಿವಿಡಿದಾಗ ಚಿತ್ರ ಆವಾಜು ಸಣ್ಣ ಸಣ್ಣ ತುಂಡಾಗಿ ಒಂದರ ಬಾಜೂಕ ಒಂದು ಹೆಣದಿರ್ತಾವ, ಒಂದ ಜಾಗಾ ಓದಲಿಲ್ಲ ಅಂದ್ರ ಎರಡೂ ಹೋಗ್ತಾವ. ಆದ್ರ ಕಾಪಿ ನಿಂತೈತಿ ಅಂತ ಡಿಸ್ಕ್ ಹೋತು ಅಂತಲ್ಲ. ಸಾದಾ ಕಾಪಿ ಕೆಟ್ಟ ಜಾಗಾಕ್ಕ ಬಂದು ಅಲ್ಲೇ ಹಟಾ ಹಿಡೀತೈತಿ. ಡಿಡಿರೆಸ್ಕ್ಯೂ ಅಂತ ಲಿನಕ್ಸ್ ಸಾಫ್ಟ್‌ವೇರ್ ಐತಿ, ಅದು ಓದಾಕ ಬಂದಷ್ಟ ಮೊದಲ ಓದಿ, ಕೆಟ್ಟದ್ದನ್ನ ಚೀಟಿದಾಗ ಬರಕೊಂಡು, ಆಮ್ಯಾಲೆ ಹೊಳ್ಳಿ ಹೊಳ್ಳಿ ಪ್ರಯತ್ನ ಮಾಡ್ತೈತಿ. ಅದ ಚೀಟಿ ಇಟ್ಕೊಂಡು ಇನ್ನೊಬ್ಬರ ಕಂಪ್ಯೂಟರಿನ ಡ್ರೈವಿಗೆ ಹಾಕಿ ಮುಂದುವರಸಾಕೂ ಬರ್ತೈತಿ, ಒಂದ ಡ್ರೈವ್ ಓದದ್ದನ್ನ ಇನ್ನೊಂದು ಓದೂದು ಭಾಳ ಸಲ ಆಗ್ತೈತಿ.

ಅದಕ್ಕೂ ಮೊದಲ ಡಿಸ್ಕ್ ಒರಸ್ರಿ, ಮೆತ್ತನ ಬಟ್ಟಿಲೆ, ನಡುವಿನಿಂದ ಅಂಚಿನ ಕಡೆ ಸೀದಾ, ಸುತ್ತ ತಿರುಗಿಸಿ ಒರಸಬ್ಯಾಡ್ರಿ. ಸುತ್ತ ಗೀರು ಬಿದ್ರ ಒಂದ ಸಾಲಿನ ದತ್ತಾಂಶ ಉದ್ದಕ್ಕ ಹೋಗ್ತೈತಿ, ಅಡ್ಡ ಗೀರಾದ್ರ ಡ್ರೈವ್ ತಾನ ಸರಿಪಡಿಸ್ಕೊತೈತಿ. ಟೂತ್‌ಪೇಸ್ಟ್ ಹಚ್ಚೂ ಉಪಾಯ ಯಾರರೆ ಹೇಳಿದ್ರ ಕಾಪಿ ತಗೊಂಡ ಮ್ಯಾಲೆ ಮಾಡ್ರಿ, ಮೊದಲ ಬ್ಯಾಡ. ಸಿಕ್ಕ ಐಎಸ್‌ಒ (ಪೂರಾ ಡಿಸ್ಕಿನ ನಕಲು) ಫೈಲಿನಾಗ ನಡುವ ಅಲ್ಲಲ್ಲಿ ಚಿತ್ರ ಚೌಕಚೌಕ ಆಗಬಹುದು, ಆವಾಜು ಟಕ್ ಅನ್ನಬಹುದು, ಅದನ್ನ ಇದ್ದಂಗ ಇಡ್ರಿ. ಮುಂದಿನ ತಿಂಗಳ ಯಾರದರೆ ಹತ್ರ ಅದ ಡಿಸ್ಕಿನ ಇನ್ನೊಂದ ಪ್ರತಿ ಸಿಕ್ರ, ಬೀಗರ ಮನ್ಯಾಗ ಒಮ್ಮೆ ಕೇಳ್ರಿ, ಲಗ್ನದ ಡಿಸ್ಕ್ ಎರಡೂ ಕಡೆ ಕೊಟ್ಟಿರ್ತಾರ, ಒಂದ ಮೂಲದಿಂದ ಇದ್ದಂಗ ಬರ್ನ್ ಮಾಡಿದ ಪ್ರತಿ ಇದ್ರ ಅದ ಚೀಟಿ ಮ್ಯಾಲೆ ಆ ಡಿಸ್ಕಿನಿಂದ ಓದಾಕ ಬಾರದ ಖಾಲಿ ಜಾಗಾ ತುಂಬಸಾಕ ಬರ್ತೈತಿ.